ಡ್ಯಾಕ್ ಕೊಳ್ಳುವ ಮೊದಲು ಚಾರ್ಜರ್ ಕಿತ್ತು ನೋಡಿ

ಲ್ಯಾಪ್‌ಟಾಪಿನಿಂದ ಆಂಪ್ಲಿಫೈಯರ್‌ಗೆ ವೈರು ಹಾಕಿದರೆ ಸ್ಪೀಕರ್‌ನಲ್ಲಿ ಗುಂಯ್ ಅನ್ನುತ್ತದೆ, ಕಡಿಮೆ ಬೆಲೆಯ ಡ್ಯಾಕ್ ಹಾಕಿದರೆ ಸರಿಹೋಗುತ್ತದಾ, ಇಎಸ್‌ಎಸ್ ಚಿಪ್ ಒಳ್ಳೆಯದಾ ಎಕೆಎಂ ಒಳ್ಳೆಯದಾ ಅಂತ ಕೇಳಿದ್ದೀರಿ. (ಡ್ಯಾಕ್ ಅಂದರೆ ಡಿಜಿಟಲ್ ಹಾಡನ್ನು ಆಂಪ್ಲಿಫೈಯರ್‌ಗೆ ಬೇಕಾದ ಸಿಗ್ನಲ್ ಆಗಿ ಬದಲಿಸುವ ಡಬ್ಬಿ. ಇಎಸ್‌ಎಸ್, ಎಕೆಎಂ ಅದರೊಳಗಿನ ಚಿಪ್ ಮಾಡುವ ಕಂಪನಿಗಳು.) ನಿಮ್ಮ ಈ ತೊಂದರೆ ಆರು ವರ್ಷದ ಹಿಂದೆ ನಮ್ಮ ಮನೆಯಲ್ಲಿ ನಡೆದದ್ದೇ. ಆ ಸದ್ದು ಹೋಗಲಿ ಅಂತ ನಾನು ಎರಡು ಡ್ಯಾಕ್ ಕೊಂಡೆ. ಎರಡರಿಂದಲೂ ಹೋಗಲಿಲ್ಲ.

ಮೊದಲು ನನ್ನ ಹತ್ತಿರ ಇದ್ದದ್ದು ಲ್ಯಾಪ್‌ಟಾಪಿನ ಹೆಡ್‌ಫೋನ್ ಜಾಕ್ ಮಾತ್ರ. ಹಾಡು ಜೋರಾಗಿದ್ದಾಗ ಏನೂ ಗೊತ್ತಾಗುತ್ತಿರಲಿಲ್ಲ. ಒಂಟಿ ಕೊಳಲು ಬಂದಾಗ, ಎರಡು ಹಾಡಿನ ನಡುವೆ, ಹಿಂದಿನಿಂದ ಗುಂಯ್ ಅಂತ ಕೇಳಿಸುತ್ತಿತ್ತು. ಮೌಸ್ ಅಲ್ಲಾಡಿಸಿದರೆ ಅದರ ಜೊತೆ ಕಿರ್ ಕಿರ್ ಅನ್ನುವ ಇನ್ನೊಂದು ಸದ್ದು. ಲ್ಯಾಪ್‌ಟಾಪಿನ ಒಳಗಿನ ಸೌಂಡ್ ಕಾರ್ಡ್ ಕೆಟ್ಟದ್ದು ಅಂತ ತೀರ್ಮಾನಿಸಿ, ಯುಎಸ್‌ಬಿಗೆ ಚುಚ್ಚುವ ಸಣ್ಣ ಡ್ಯಾಕ್ ಒಂದನ್ನು ತರಿಸಿದೆ. ಸದ್ದು ಹಾಗೇ ಇತ್ತು. ಅಗ್ಗದ್ದಲ್ವಾ, ಇಷ್ಟೇ ಇದರ ಯೋಗ್ಯತೆ ಅಂದುಕೊಂಡೆ. ಮೂರು ತಿಂಗಳು ವಿಮರ್ಶೆ ಓದಿ, ಅದರ ನಾಲ್ಕು ಪಟ್ಟು ಬೆಲೆಯದ್ದು ಕೊಂಡೆ.

ನಾನು ಮೋಸಹೋದ ಜಾಗ ಇಲ್ಲಿದೆ. ಹೊಸ ಡ್ಯಾಕ್ ಹಾಕಿದ ಮೇಲೆ ಗುಂಯ್ ಸ್ವಲ್ಪ ಕಡಿಮೆ ಆದಂತೆ ಅನಿಸಿತು. ದುಡ್ಡು ದಂಡವಾಗಲಿಲ್ಲ ಅಂತ ಸಮಾಧಾನಪಟ್ಟೆ. ಆದರೆ ಆದದ್ದು ಬೇರೆ. ಮೊದಲಿನ ಸಣ್ಣ ಡ್ಯಾಕ್ ಕೊಡುತ್ತಿದ್ದದ್ದು ಸುಮಾರು 1 ವೋಲ್ಟ್. ಹೊಸದು ಕೊಡುತ್ತಿದ್ದದ್ದು 2 ವೋಲ್ಟ್, ಸಿಡಿ ಪ್ಲೇಯರ್‌ಗಳು ಕೊಡುವಷ್ಟು. ಅಂದರೆ 6 ಡೆಸಿಬೆಲ್ ಜಾಸ್ತಿ. ಹಾಡು ಜೋರಾಯಿತು, ನಾನು ಆಂಪ್ಲಿಫೈಯರ್‌ನ ವಾಲ್ಯೂಮ್ ಇಳಿಸಿದೆ, ಅದರ ಜೊತೆ ಗುಂಯ್ ಕೂಡ ಇಳಿಯಿತು. ವಾಲ್ಯೂಮ್ ಮೊದಲಿದ್ದ ಜಾಗಕ್ಕೆ ತಿರುಗಿಸಿದ್ದರೆ ಅಷ್ಟೇ ಗುಂಯ್ ಕೇಳಿಸುತ್ತಿತ್ತು. ನಾನು ತಿರುಗಿಸಿ ನೋಡಲಿಲ್ಲ. ಹೀಗೆ ಇನ್ನೂ ಎಂಟು ತಿಂಗಳು ಕಳೆದೆ, ಮೂರನೆಯದಕ್ಕೆ ದುಡ್ಡು ಕೂಡಿಡಲೂ ಶುರು ಮಾಡಿದ್ದೆ.

ಒಂದು ರಾತ್ರಿ ಹಾಡು ಕೇಳುತ್ತಾ ಕೂತಿದ್ದೆ. ಮಗಳು ಬಂದು, ತನ್ನ ಫೋನ್ ಚಾರ್ಜಿಗೆ ಹಾಕಲು ನನ್ನ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಳು. ಗುಂಯ್ ಅನ್ನುವುದು ಕತ್ತರಿಸಿದ ಹಾಗೆ ನಿಂತಿತು. "ಅಪ್ಪಾ, ಹಾಡು ನಿಂತುಹೋಯ್ತಾ?" ಅಂತ ಕೇಳಿದಳು. ಇಲ್ಲಮ್ಮ, ಅದನ್ನು ಮತ್ತೆ ಹಾಕು ಅಂದೆ. ಹಾಕಿದಳು, ಸದ್ದು ಬಂತು. ಕಿತ್ತಳು, ಹೋಯಿತು. ನಾಲ್ಕು ಸಲ ಮಾಡಿಸಿದೆ.

ಇದಕ್ಕೆ ಗ್ರೌಂಡ್ ಲೂಪ್ ಅನ್ನುತ್ತಾರೆ. ಆಂಪ್ಲಿಫೈಯರ್‌ಗೆ ಮೂರು ಪಿನ್ನಿನ ಪ್ಲಗ್, ಅದರಿಂದ ಅರ್ಥಿಂಗ್. ಲ್ಯಾಪ್‌ಟಾಪ್ ಚಾರ್ಜರ್‌ಗೂ ಮೂರು ಪಿನ್, ಅಲ್ಲಿಂದ ಇನ್ನೊಂದು ಅರ್ಥಿಂಗ್. ಈ ಎರಡನ್ನೂ ನಿಮ್ಮ ಯುಎಸ್‌ಬಿ ಕೇಬಲ್, ಡ್ಯಾಕ್ ಮತ್ತು ಅಲ್ಲಿಂದ ಆಂಪ್ಲಿಫೈಯರ್‌ಗೆ ಹೋಗುವ ಆರ್‌ಸಿಎ ಕೇಬಲ್ ಸೇರಿ ಜೋಡಿಸುತ್ತವೆ. ಸುತ್ತು ಪೂರ್ತಿಯಾಗುತ್ತದೆ. ಎರಡು ಅರ್ಥಿಂಗ್ ನಡುವೆ ಚೂರು ವ್ಯತ್ಯಾಸ ಇದ್ದರೂ ಆರ್‌ಸಿಎ ಕೇಬಲ್‌ನ ಹೊರಗಿನ ಜಾಲರಿಯಲ್ಲಿ ಸಣ್ಣ ಕರೆಂಟ್ ಹರಿಯುತ್ತದೆ. ಆ ಜಾಲರಿ ಬರೀ ಹೊದಿಕೆಯಲ್ಲ, ಹಾಡಿನ ಸಿಗ್ನಲ್ ವಾಪಸ್ ಬರುವ ದಾರಿಯೂ ಅದೇ. ಹಾಗಾಗಿ ಆ ಕರೆಂಟಿನ ಸದ್ದು ಹಾಡಿಗೆ ಸೇರಿಕೊಳ್ಳುತ್ತದೆ. ಗಮನಿಸಿ, ಸೇರುವುದು ಡ್ಯಾಕ್ ತನ್ನ ಕೆಲಸ ಮುಗಿಸಿದ ಮೇಲೆ, ಕೇಬಲ್‌ನಲ್ಲಿ. ಒಳಗೆ ಎಷ್ಟೇ ದುಬಾರಿ ಚಿಪ್ ಇದ್ದರೂ ಅದು ಏನು ಮಾಡೀತು? ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡಿದರೆ ಸುತ್ತು ತುಂಡಾಗುತ್ತದೆ, ಅಷ್ಟೇ.

ಹಾಗಾಗಿ ಇವತ್ತೇ ನೀವು ಮಾಡಬೇಕಾದದ್ದು ಒಂದು ಪರೀಕ್ಷೆ. ಹಾಡು ನಿಲ್ಲಿಸಿ, ವಾಲ್ಯೂಮ್ ಸ್ವಲ್ಪ ಏರಿಸಿ, ಚಾರ್ಜರ್ ಕಿತ್ತು ಕೇಳಿ. ಗುಂಯ್ ಹೋದರೆ ನಿಮಗೆ ಬೇಕಿರುವುದು ಒಳ್ಳೆಯ ಚಿಪ್ ಅಲ್ಲ, ಆಪ್ಟಿಕಲ್ ಇನ್‌ಪುಟ್ ಇರುವ ಡ್ಯಾಕ್. ಆಪ್ಟಿಕಲ್ ಕೇಬಲ್‌ನಲ್ಲಿ ಹೋಗುವುದು ಬೆಳಕು, ಕರೆಂಟ್ ಅಲ್ಲ. ಲೋಹದ ಕೊಂಡಿಯೇ ಇಲ್ಲದಿದ್ದ ಮೇಲೆ ಸುತ್ತು ಎಲ್ಲಿಂದ ಬರಬೇಕು? ನಿಮ್ಮ ಲ್ಯಾಪ್‌ಟಾಪಿನಲ್ಲಿ ಆಪ್ಟಿಕಲ್ ಇರಲಿಕ್ಕಿಲ್ಲ, ನನ್ನದರಲ್ಲೂ ಇರಲಿಲ್ಲ. ಹಾಗಿದ್ದಾಗ, ಲ್ಯಾಪ್‌ಟಾಪಿಗೂ ಡ್ಯಾಕ್‌ಗೂ ನಡುವಿನ ಲೋಹದ ಕೊಂಡಿ ತುಂಡರಿಸುವ ಯುಎಸ್‌ಬಿ ಐಸೊಲೇಟರ್ ಅಂತ ಸಣ್ಣ ಡಬ್ಬಿ ಸಿಗುತ್ತದೆ, ನಾನು ಅದನ್ನು ನಡುವೆ ಹಾಕಿದೆ. ಅಗ್ಗದ ಐಸೊಲೇಟರ್‌ಗಳು ಹೆಚ್ಚಾಗಿ ಸೆಕೆಂಡಿಗೆ 12 ಮೆಗಾಬಿಟ್ ವೇಗಕ್ಕೆ ನಿಲ್ಲುತ್ತವೆ. ಸಿಡಿಗಿಂತ ಮೇಲ್ಮಟ್ಟದ 24 ಬಿಟ್, 96 ಕಿಲೋಹರ್ಟ್ಸ್ ಸ್ಟೀರಿಯೊಗೂ ಅದು ಸಾಕು. ಆದರೆ ಕೆಲವು ಡ್ಯಾಕ್‌ಗಳು ಅದಕ್ಕಿಂತ ವೇಗದ ಯುಎಸ್‌ಬಿ ಇಲ್ಲದೆ ಏಳುವುದೇ ಇಲ್ಲ. ಕೊಳ್ಳುವ ಮೊದಲು ಇದನ್ನು ವಿಚಾರಿಸಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಆಂಪ್ಲಿಫೈಯರ್‌ನ ಅರ್ಥಿಂಗ್ ಪಿನ್‌ಗೆ ಟೇಪ್ ಸುತ್ತಿ, ಸದ್ದು ಹೋಗುತ್ತದೆ ಅಂತ ಯಾರಾದರೂ ಹೇಳಬಹುದು, ನನಗೂ ಹೇಳಿದ್ದರು. ಸದ್ದು ಹೋಗುವುದು ನಿಜ. ಆದರೆ ಒಳಗೆ ಏನಾದರೂ ಕೆಟ್ಟು ಲೋಹದ ಡಬ್ಬಿಗೆ ಕರೆಂಟ್ ಬಂದರೆ ಮುಟ್ಟಿದವರ ಜೀವವೇ ಹೋಗಬಹುದು. ದಯವಿಟ್ಟು ಮಾಡಬೇಡಿ.

ಇನ್ನು ಇಎಸ್‌ಎಸ್, ಎಕೆಎಂ ವಿಷಯ. ನನ್ನ ಮಟ್ಟಿಗೆ ಇದು ಕೇಳಲೇಬೇಕಾಗಿಲ್ಲದ ಪ್ರಶ್ನೆ. 2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಯೋಕಾದಲ್ಲಿದ್ದ ಎಕೆಎಂ ಕಾರ್ಖಾನೆಗೆ ಬೆಂಕಿ ಬಿತ್ತು, ಚಿಪ್ ಸಿಗದಾಯಿತು. ಹಲವು ಡ್ಯಾಕ್ ಕಂಪನಿಗಳು ಇಎಸ್‌ಎಸ್ ಕಡೆ ಹೋದವು, ಡ್ಯಾಕ್‌ಗಳು ಚೆನ್ನಾಗಿಯೇ ಬಂದವು. 2007ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಮೇಯರ್ ಮತ್ತು ಮೋರಾನ್ ಒಂದು ಪ್ರಯೋಗದ ಬಗ್ಗೆ ಬರೆದರು. ಸೂಪರ್ ಆಡಿಯೊ ಸಿಡಿಯಂಥ ಹೆಚ್ಚಿನ ಗುಣಮಟ್ಟದ ಧ್ವನಿಯನ್ನು ನಡುವೆ 16 ಬಿಟ್, 44.1 ಕಿಲೋಹರ್ಟ್ಸ್‌ಗೆ, ಅಂದರೆ ಮಾಮೂಲಿ ಸಿಡಿ ಮಟ್ಟಕ್ಕೆ ಇಳಿಸಿ ಕೇಳಿಸಿದರು. ಸಾಮಾನ್ಯ ವಾಲ್ಯೂಮ್‌ನಲ್ಲಿ ಕೇಳಿದವರಿಗೆ ಯಾವುದು ಯಾವುದು ಅಂತ ಹೇಳಲಾಗಲಿಲ್ಲ. ಸಿಡಿ ಮಟ್ಟವನ್ನು ಚೆನ್ನಾಗಿ ನುಡಿಸುವುದು ಇವತ್ತಿನ ಅಗ್ಗದ ಡ್ಯಾಕ್‌ಗೂ ಕಷ್ಟವಲ್ಲ.

ಆದ್ದರಿಂದ ಚಿಪ್ ಬಿಟ್ಟು ಸಾಕೆಟ್ ನೋಡಿ. ಹಿಂದುಗಡೆ ಯುಎಸ್‌ಬಿ ಮತ್ತು ಆಪ್ಟಿಕಲ್ ಎರಡೂ ಇರಲಿ, ಆರ್‌ಸಿಎಯಲ್ಲಿ 2 ವೋಲ್ಟ್ ಬರಲಿ. ಅಂಥವುಗಳಲ್ಲಿ ಅಗ್ಗದ್ದನ್ನೇ ತಗೊಳ್ಳಿ. ಎರಡನ್ನು ಹೋಲಿಸಿ ನೋಡುವುದಾದರೆ ಎರಡರ ಜೋರು ಒಂದೇ ಮಟ್ಟಕ್ಕೆ ತಂದುಕೊಂಡು ಕೇಳಿ, ಇಲ್ಲದಿದ್ದರೆ ಜೋರಾಗಿರುವುದೇ ಚೆನ್ನಾಗಿದೆ ಅನಿಸುತ್ತದೆ. ಉಳಿದ ದುಡ್ಡಲ್ಲಿ ಸ್ಪೀಕರ್‌ಗೆ ಗಟ್ಟಿ ಸ್ಟ್ಯಾಂಡ್ ತಂದು ಗೋಡೆಯಿಂದ ಸ್ವಲ್ಪ ಮುಂದಕ್ಕೆ ಇಡಿ. ನನ್ನ ಮನೆಯಲ್ಲಿ ಎರಡು ಡ್ಯಾಕ್‌ನಿಂದ ಆಗದ ಬದಲಾವಣೆ ಅದರಿಂದ ಆಯಿತು.

ಮುಂದೆ ಅದೇ ಡ್ಯಾಕ್‌ಗೆ ಟಿವಿಯನ್ನೂ ಜೋಡಿಸಿದರೆ, ಟಿವಿ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಪಿಸಿಎಂ (ಡ್ಯಾಕ್‌ಗೆ ಅರ್ಥವಾಗುವ ಸಾದಾ ಡಿಜಿಟಲ್ ರೂಪ) ಅಂತ ಬದಲಿಸಿ. ಡಾಲ್ಬಿಯಲ್ಲೇ ಬಿಟ್ಟರೆ ಇಂಥ ಡ್ಯಾಕ್‌ಗಳಿಗೆ ಅದು ಅರ್ಥವಾಗುವುದಿಲ್ಲ, ಸದ್ದೇ ಬರುವುದಿಲ್ಲ. ಡ್ಯಾಕ್ ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ.