ಮಲೆನಾಡಿನಲ್ಲಿ ಮಂಡಿ ಸವೆತ ಇಷ್ಟೊಂದು ಕಾಣಲು ಮಳೆ, ಥಂಡಿಯೇ ಕಾರಣವೇ?

ಅಲ್ಲ. ಮಳೆಗಾಲದಲ್ಲಿ ನೋವು ಹೆಚ್ಚಾಯಿತೆಂದು ಹಲವರಿಗೆ ಅನಿಸುವುದು ನಿಜ. ಆದರೆ ಕೀಲಿನ ಮೃದ್ವಸ್ಥಿಯನ್ನು, ಅಂದರೆ ಮೂಳೆಗಳ ತುದಿಯನ್ನು ಹೊದ್ದಿರುವ ನುಣುಪಾದ ಪದರವನ್ನು, ಸವೆಸುವುದು ಥಂಡಿಯಲ್ಲ. ಇದು ತೀರ್ಥಹಳ್ಳಿ, ಹೊಸನಗರಗಳಿಗಷ್ಟೇ ಸೇರಿದ ಕಾಯಿಲೆಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2019ರಲ್ಲಿ ಜಗತ್ತಿನ ಸುಮಾರು 52.8 ಕೋಟಿ ಜನರಿಗೆ ಕೀಲು ಸವೆತವಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಸವೆಯುವುದು ಮಂಡಿ. ಪೀಡಿತರಲ್ಲಿ ಶೇ 60ರಷ್ಟು ಮಹಿಳೆಯರು.

ವಯಸ್ಸು, ವಂಶ, ಹಳೆಯ ಪೆಟ್ಟು ಇವೆಲ್ಲ ಎಲ್ಲ ಊರಿಗೂ ಸಮಾನ. ನಮ್ಮ ಕಡೆ ಗಮನಿಸಲೇಬೇಕಾದದ್ದು ದುಡಿಮೆಯ ರೀತಿ. ಕುಕ್ಕರುಗಾಲಿನಲ್ಲಿ ಕುಳಿತು ಕಳೆ ಕೀಳುವುದು, ನೆಲಮಟ್ಟದಲ್ಲಿ ಕುಳಿತು ಅಡಿಕೆ ಸುಲಿಯುವುದು, ತೋಟದಿಂದ ಹೊರೆ ಹೊತ್ತು ದಿಬ್ಬ ಏರುವುದು: ಹೀಗೆ ವರ್ಷಗಟ್ಟಲೆ ಮಂಡಿ ಮಡಚಿ, ಭಾರ ಎತ್ತುವವರಲ್ಲಿ ಸವೆತದ ಅಪಾಯ ಹೆಚ್ಚು. ಮನೆಯ ಹೆಂಗಸರಿಗೆ ದಯವಿಟ್ಟು ಎತ್ತರದ ಸ್ಟೂಲ್ ಮಾಡಿಸಿಕೊಡಿ.

ನಮ್ಮ ಕೈಯಲ್ಲಿರುವ ಬಹುದೊಡ್ಡ ಕಾರಣ ತೂಕ. ಒಂದು ಕಿಲೋ ಇಳಿದರೆ, ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ತಗ್ಗುತ್ತದೆ. ಸವೆದೀತೆಂದು ಹೆದರಿ ನಡಿಗೆಯನ್ನೇ ಬಿಡಬೇಡಿ. ತೊಡೆಯ ಸ್ನಾಯು ಸೊರಗಿದರೆ ಮಂಡಿಗೆ ಆಸರೆ ತಪ್ಪುತ್ತದೆ. ಮಂಡಿ ಊದಿ ಬಿಸಿಯಾಗಿದ್ದು ಜ್ವರವೂ ಇದ್ದರೆ ಅದು ಬೇರೆಯೇ ತೊಂದರೆ ಇರಬಹುದು, ಅಂದೇ ವೈದ್ಯರಿಗೆ ತೋರಿಸಿ.