ಓದುಗರ ಪ್ರಶ್ನೆ: ಶರಾವತಿಗೂ ಮಂಡಿಗೂ ಹ್ಯಾಕರ್ ಭಯ

ಪ್ರಶ್ನೆ: ಬೇರೆ ದೇಶದವರು ಕೂತಲ್ಲಿಂದಲೇ ಕಂಪ್ಯೂಟರ್ ಒತ್ತಿ ನಮ್ಮ ಕರೆಂಟು ತೆಗೆಯಬಹುದು ಅಂತ ಟಿವಿಯಲ್ಲಿ ಹೇಳುತ್ತಿದ್ದರು. ಶರಾವತಿ ಪವರ್ ಹೌಸ್ ನಮ್ಮ ಪಕ್ಕದಲ್ಲೇ ಇದೆ. ಇದು ನಿಜವಾ, ಸುಮ್ನೆ ಹೆದರಿಸೋದಾ?
— ಓದುಗರೊಬ್ಬರು, ಸಾಗರ

ಉತ್ತರ: ನಿಜವೇ. ಆಗಿಯೂ ಹೋಗಿದೆ. 2015ರ ಡಿಸೆಂಬರ್ 23ರಂದು ಪಶ್ಚಿಮ ಉಕ್ರೇನಿನ ಒಂದು ಕಂಟ್ರೋಲ್ ರೂಮಿನಲ್ಲಿ ನೌಕರರು ಕೂತಿದ್ದಾರೆ, ಕಣ್ಣೆದುರೇ ಪರದೆಯ ಮೇಲೆ ಮೌಸ್ ಬಾಣ ತಾನಾಗಿ ಓಡಾಡಿ ಬ್ರೇಕರ್‌ಗಳನ್ನು (ಲೈನಿನ ಕರೆಂಟು ಕಡಿಯುವ ದೊಡ್ಡ ಸ್ವಿಚ್ಚುಗಳು) ಆಫ್ ಮಾಡುತ್ತಿದೆ, ಇವರು ಮೌಸ್ ಎಷ್ಟು ಅಲ್ಲಾಡಿಸಿದರೂ ಅದು ಕೇಳುತ್ತಿಲ್ಲ. ಸುಮಾರು 2.25 ಲಕ್ಷ ಗ್ರಾಹಕರಿಗೆ ಕರೆಂಟು ಹೋಯಿತು. ದೂರು ಕೊಡೋಣ ಅಂದರೆ ಆ ಫೋನ್ ಲೈನಿಗೂ ಸುಳ್ಳು ಕರೆಗಳನ್ನು ತುಂಬಿಸಿಟ್ಟಿದ್ದರು! ಇಷ್ಟಕ್ಕೂ ಕಳ್ಳರು ಒಳಗೆ ಬಂದದ್ದು ತಿಂಗಳುಗಳ ಹಿಂದೆ, ಆಫೀಸಿನವರು ಇಮೇಲಿನಲ್ಲಿ ಬಂದ ಫೈಲು ತೆರೆದಾಗ.

ಆದರೆ ಕೆಲವೇ ಗಂಟೆಗಳಲ್ಲಿ ಕರೆಂಟು ವಾಪಸ್ ಬಂತು. ಅಲ್ಲಿನ ಸಿಬ್ಬಂದಿ ಸಬ್‌ಸ್ಟೇಷನ್‌ಗಳಿಗೇ ಹೋಗಿ ಕೈಯಿಂದ ಬ್ರೇಕರ್ ಹಾಕಿದರು. ಹಾಗಾಗಿ 1,035 ಮೆಗಾವಾಟಿನ ಶರಾವತಿ ಬಗ್ಗೆ ನನ್ನನ್ನು ಕೇಳಿದರೆ, ಎಷ್ಟು ಒಳ್ಳೆಯ ಸಾಫ್ಟ್‌ವೇರ್ ಇದೆ ಅನ್ನೋದಕ್ಕಿಂತ, ಪರದೆ ಕೈಕೊಟ್ಟ ದಿನ ಕೈಯಲ್ಲಿ ನಡೆಸಬಲ್ಲವರು ಪಾಳಿಯಲ್ಲಿ ಇದ್ದಾರಾ ಅನ್ನೋದೇ ದೊಡ್ಡ ಪ್ರಶ್ನೆ. ಹಳೇ ಆಪರೇಟರ್‌ಗಳು ನಿವೃತ್ತಿ ಆಗೋ ಮೊದಲು ಹುಡುಗರಿಗೆ ಅದನ್ನು ಕಲಿಸಲೇಬೇಕು. ಇಂಟರ್ನೆಟ್ಟಿಗೆ ಜೋಡಿಸದಿದ್ದರೆ ಸಾಕಲ್ವಾ ಅಂತ ಕೇಳ್ತೀರೇನೋ. ಸಾಲದು. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಅನ್ನೋ ಕಂಪ್ಯೂಟರ್ ವೈರಸ್ ಪೆನ್‌ಡ್ರೈವ್ ಮೂಲಕವೂ ಹರಡುತ್ತಿತ್ತು. ಇರಾನಿನ ನತಾಂಜ್ ಅಣು ಕೇಂದ್ರದಲ್ಲಿ ಯುರೇನಿಯಂ ಯಂತ್ರಗಳನ್ನು ಅದು ಹಾಳು ಮಾಡುತ್ತಿದ್ದರೂ ಪರದೆಯಲ್ಲಿ ಎಲ್ಲ ಸರಿಯಾಗಿದೆ ಅಂತಲೇ ಕಾಣುತ್ತಿತ್ತು.

ಪ್ರಶ್ನೆ: ನಮ್ಮದು ಚಿಕ್ಕ ಅಡಿಕೆ ಮಂಡಿ. ಇರೋದೇ ಒಂದು ಕಂಪ್ಯೂಟರ್, ಅದರಲ್ಲಿ ರೈತರ ಲೆಕ್ಕ, ಜಿಎಸ್‌ಟಿ. ನಮ್ಮ ಮೇಲೆ ಯಾವ ದೇಶ ಯುದ್ಧಕ್ಕೆ ಬರುತ್ತೆ ಹೇಳಿ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಮ್ಮ ಮೇಲೆ ಯಾರೂ ಬರಲ್ಲ ಸ್ವಾಮಿ, ಬೇರೆಯವರ ಜಗಳದಲ್ಲಿ ನೀವು ಸಿಕ್ಕಿಕೊಳ್ಳಬಹುದು. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಅನ್ನೋ ವೈರಸ್ ಹೊರಟಿದ್ದೇ ಉಕ್ರೇನಿನ ತೆರಿಗೆ ಲೆಕ್ಕದ ಸಾಫ್ಟ್‌ವೇರ್‌ನ ಅಪ್‌ಡೇಟ್ ಜೊತೆಗೆ. ಅಮೆರಿಕ, ಬ್ರಿಟನ್ ಎರಡೂ ಇದನ್ನು ರಷ್ಯಾದ ಸೇನೆಯ ಕೆಲಸ ಅಂದವು. ಗುರಿ ಉಕ್ರೇನ್, ಏಟು ಬಿದ್ದದ್ದು ಊರಿಗೆಲ್ಲ. ಹಡಗು ಕಂಪನಿ ಮೇರ್ಸ್ಕ್‌ನ ಕಂಪ್ಯೂಟರ್‌ಗಳು ಸತ್ತವು, ಮುಂಬೈ ಪಕ್ಕದ ಜೆಎನ್‌ಪಿಟಿ ಬಂದರಿನ ಒಂದು ಟರ್ಮಿನಲ್ ಕೂಡ ನಿಂತಿತು.

ಆ ಕಂಪನಿಯ ಇಡೀ ಜಾಲ ಮತ್ತೆ ಕಟ್ಟಲು ಬೇಕಾದ ಒಂದು ಮುಖ್ಯ ಪ್ರತಿ ಎಲ್ಲ ಕಡೆ ಅಳಿಸಿಹೋಗಿತ್ತು, ಘಾನಾದ ಆಫೀಸಿನಲ್ಲಿ ಮಾತ್ರ ಉಳಿದಿತ್ತು. ಯಾಕೆ ಗೊತ್ತಾ? ಅಲ್ಲಿ ಕರೆಂಟು ಹೋಗಿ ಆ ಪ್ರತಿ ಇದ್ದ ಸರ್ವರ್ ಆಫ್ ಆಗಿತ್ತು! ಮಳೆಗಾಲದಲ್ಲಿ ಕರೆಂಟಿಗೆ ಶಾಪ ಹಾಕುವ ಮಲೆನಾಡಿನವರಿಗೆ ಇದು ಸ್ವಲ್ಪ ಸಮಾಧಾನ.

ನೀವು ಕರೆಂಟು ಹೋಗೋದನ್ನ ಕಾಯಬೇಡಿ. ಒಂದು ಹಾರ್ಡ್ ಡಿಸ್ಕ್ ತನ್ನಿ. ವಾರಕ್ಕೊಮ್ಮೆ ಲೆಕ್ಕ ಕಾಪಿ ಮಾಡಿ, ವೈರು ಕಿತ್ತು ಬೀರುವಿನಲ್ಲಿಡಿ. ಚುಚ್ಚಿಟ್ಟೇ ಬಿಟ್ಟರೆ ವೈರಸ್ ಅದನ್ನೂ ತಿನ್ನುತ್ತದೆ. ಮತ್ತೆ, ರೈತರಿಗೆ ಕೊಡಬೇಕಾದ ಬಾಕಿ ಮಾತ್ರ ಒಂದು ಪುಸ್ತಕದಲ್ಲೂ ಬರೆದಿಡಿ.