ಚಿತ್ರದುರ್ಗದ ಕೋಟೆಯಲ್ಲಿ ನಡೆಯುವ, ಒಬ್ಬ ಹುಡುಗ ಮತ್ತು ಅವನ ಅಜ್ಜಿಯ ಕಾದಂಬರಿ ಬರೆಯುತ್ತಿದ್ದೇನೆ. ಫ್ಯಾಂಟಸಿ ಕಥೆಗಳಲ್ಲಿ ಆತ್ಮಕ್ಕೂ ಮನುಷ್ಯರಿಗೂ ಇರುವ ನಂಟಿನಲ್ಲಿ ಗಂಡು-ಹೆಣ್ಣು ಅನ್ನೋದು ಮುಖ್ಯವೇ?

ನೀವಾಗಿ ಹಾಗೊಂದು ನಿಯಮ ಇಡದಿದ್ದರೆ ಮುಖ್ಯವಲ್ಲ. ಇಂಥ ನಂಟು ನಿಲ್ಲುವುದು ಷರತ್ತಿನ ಮೇಲೆ: ಯಾರು ಏನು ಕೊಡಬೇಕು, ಏನು ಮಾಡಿದರೆ ನಂಟು ಮುರಿಯುತ್ತದೆ. ಆ ಷರತ್ತು ದೇಹಕ್ಕೆ ಸಂಬಂಧಿಸಿದ್ದಾಗ ಮಾತ್ರ ಗಂಡೋ ಹೆಣ್ಣೋ ಅನ್ನುವುದು ಲೆಕ್ಕಕ್ಕೆ ಬರುತ್ತದೆ.

ನಿಮ್ಮ ಕಥೆ ಚಿತ್ರದುರ್ಗದ ಕೋಟೆಯಲ್ಲಿ ನಡೆಯುತ್ತದೆ ಅಂದಿದ್ದೀರಿ. ಅಲ್ಲೇ ಹಿಡಿಂಬೇಶ್ವರನ ಗುಡಿ ಇದೆ, ಅಲ್ವಾ? ಮಹಾಭಾರತದ ಹಿಡಿಂಬೆ ರಾಕ್ಷಸಿ. ಹಗಲು ಭೀಮನ ಜೊತೆ ಇರಬಹುದು, ರಾತ್ರಿ ಅವನನ್ನು ವಾಪಸ್ ತಂದು ಬಿಡಬೇಕು. ಅದೂ ಮಗ ಹುಟ್ಟುವವರೆಗೆ ಮಾತ್ರ. ಈ ಷರತ್ತಿಗೆ ಗಂಡು-ಹೆಣ್ಣು ಬೇಕೇ ಬೇಕು. ಬೇತಾಳನ ಷರತ್ತು ಬೇರೆ. ವಿಕ್ರಮ ಬಾಯಿಬಿಟ್ಟರೆ ಬೇತಾಳ ಮರಕ್ಕೆ ಹಾರುತ್ತಾನೆ. ರಾಜನ ಬದಲು ರಾಣಿ ಹೊತ್ತು ನಡೆದರೂ ಕಥೆ ಕೆಡುವುದಿಲ್ಲ.

ಮೈಮೇಲೆ ಬರುವುದು ಇವೆರಡಕ್ಕಿಂತ ಸ್ವಾರಸ್ಯದ್ದು. ನಮ್ಮ ದಾವಣಗೆರೆ ಕಡೆ ಅಮ್ಮ ಗಂಡಸರ ಮೈಮೇಲೂ ಬರುತ್ತಾಳೆ. ಆಗ ಎದುರಿಗಿದ್ದವರು ಅವರನ್ನು ‘ತಾಯಿ’ ಅಂತಲೇ ಮಾತಾಡಿಸುತ್ತಾರೆ. ಗಂಡಾಗಿ ಹುಟ್ಟಿ ಎಲ್ಲಮ್ಮ ದೇವಿಯ ಸೇವೆಗೆ ನಿಂತ ಜೋಗಪ್ಪಂದಿರ ಬದುಕಿನಲ್ಲಂತೂ ಅವಳು ಒಲಿದ ಮೇಲೆ ಉಡುಗೆ, ಹೆಸರು, ಮನೆಯಲ್ಲಿನ ಜಾಗ ಎಲ್ಲವೂ ಬದಲಾಗಬಹುದು. ನಂಟು ಮೊದಲು, ಗಂಡು-ಹೆಣ್ಣಿನ ಪ್ರಶ್ನೆ ಆಮೇಲೆ. ಕಾದಂಬರಿಗೆ ಈ ದಾರಿಯೇ ಜಾಸ್ತಿ ಒದಗುತ್ತದೆ ಅಂತ ನನಗನ್ನಿಸುತ್ತದೆ. ನಿಮ್ಮ ಕಥೆಯ ಹುಡುಗನ ಮೈಮೇಲೆ ಹೆಣ್ಣಿನ ಆತ್ಮ ಬಂದರೆ ಅವನ ಅಜ್ಜಿ ಅವನನ್ನು ಏನಂತ ಕರೆಯುತ್ತಾಳೆ? ಅದನ್ನು ಮೊದಲು ಬರೆದು ನೋಡಿ.